ರಾತ್ರಿ ಪಾಳಿಯ ಪೆಟ್ರೋಲ್ ಬಂಕ್: ದರೋಡೆಯ ಅಪಾಯ ತಗ್ಗಿಸುವ ಬಗೆ

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್‌ಗಳಿಗೆ ರಾತ್ರಿಯೂ ಬಿಡುವಿಲ್ಲ. ಹುಬ್ಬಳ್ಳಿ ಕಡೆಯಿಂದ ಕೊಪ್ಪಳ, ಹೊಸಪೇಟೆ ಹಾದು ಬಳ್ಳಾರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 67, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪಗಳ ಮೂಲಕ ಬಳ್ಳಾರಿ ಸೇರುವ 150ಎ, ಹಗರಿಯಿಂದ ಆದೋನಿ, ಮಂತ್ರಾಲಯದ ಕಡೆಗೆ ಹೊರಳಿ ರಾಯಚೂರು ಮುಟ್ಟುವ 167, ಈ ಮೂರೂ ರಸ್ತೆಗಳಲ್ಲಿ ಅದಿರು, ಉಕ್ಕು, ಭತ್ತ, ಅಕ್ಕಿ ಹೊತ್ತ ಲಾರಿಗಳು ಬೆಳಗಿನ ಜಾವದವರೆಗೂ ಓಡಾಡುತ್ತಲೇ ಇರುತ್ತವೆ. ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆ, ಹಿಂದೆ ಹೊಲ, ಮುಂದೆ ರಸ್ತೆ, ನಡುವೆ ಬೆಳಕಿನಲ್ಲಿ ನಿಂತ ಇಬ್ಬರು ಹುಡುಗರು ಮತ್ತು ಅವರ ಹೆಗಲಿನ ಹಣದ ಚೀಲ: ಇದು ಇಲ್ಲಿನ ಬಹುಪಾಲು ಬಂಕ್‌ಗಳ ರಾತ್ರಿಯ ಸ್ಥಿತಿ.

ಈ ಬರಹ ಬಂಕ್‌ನ ಮಾಲೀಕರಿಗೆ, ಮ್ಯಾನೇಜರ್‌ಗಳಿಗೆ ಮತ್ತು ಪಾಳಿಯಲ್ಲಿ ನಿಲ್ಲುವ ಸಿಬ್ಬಂದಿಗೆ ಉದ್ದೇಶಿಸಿದ್ದು. ದರೋಡೆಕೋರರನ್ನು ಸೆಳೆಯುವುದು ಕಣ್ಣಿಗೆ ಬೀಳುವ ಹಣ ಮತ್ತು ಮೊದಲೇ ಊಹಿಸಬಹುದಾದ ದಿನಚರಿ. ಇವೆರಡನ್ನೂ ಹಾಗೆಯೇ ಉಳಿಸಿಕೊಂಡು ಕ್ಯಾಮೆರಾ, ಕಾವಲುಗಾರ ಎಂದು ಎಷ್ಟು ಖರ್ಚು ಮಾಡಿದರೂ ಫಲ ಅಷ್ಟಕ್ಕಷ್ಟೆ. ಆದ್ದರಿಂದ ಇಲ್ಲಿ ಹೆಚ್ಚು ಜಾಗವನ್ನು ಹಣದ ನಿರ್ವಹಣೆಗೇ ಕೊಡಲಾಗಿದೆ.

ಕಾನೂನು ಏನೆನ್ನುತ್ತದೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಂ, ಕಸಿದುಕೊಂಡು ಓಡುವುದಕ್ಕೆ 304ನೇ ಕಲಂ, ಬೆದರಿಸಿ ಅಥವಾ ಹೊಡೆದು ದೋಚುವ ಸುಲಿಗೆಗೆ 309ನೇ ಕಲಂ ಅನ್ವಯಿಸುತ್ತದೆ. ಐದು ಅಥವಾ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ ಅದು 310ನೇ ಕಲಮಿನಡಿ ದರೋಡೆಯಾಗುತ್ತದೆ. ಸುಲಿಗೆಗೆ ಹತ್ತು ವರ್ಷಗಳವರೆಗೆ ಶಿಕ್ಷೆಯಿದ್ದು, ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದ ಸುಲಿಗೆಗೆ ಅದನ್ನು ಹದಿನಾಲ್ಕು ವರ್ಷಗಳವರೆಗೆ ಹೆಚ್ಚಿಸಲು ಅವಕಾಶವಿದೆ. ದೂರು ಕೊಡುವಾಗ ಎಷ್ಟು ಜನ ಬಂದಿದ್ದರು, ಆಯುಧವಿತ್ತೇ, ಯಾರಿಗಾದರೂ ಪೆಟ್ಟಾಯಿತೇ, ಗಂಟೆ ಎಷ್ಟಾಗಿತ್ತು ಎಂಬುದನ್ನು ಸರಿಯಾಗಿ ಹೇಳಬೇಕಾದುದು ಇದೇ ಕಾರಣಕ್ಕೆ. ಪ್ರಕರಣದ ತೂಕ ಈ ವಿವರಗಳ ಮೇಲೆ ನಿಂತಿರುತ್ತದೆ. ಮುಂದೆ ಈ ಬರಹದಲ್ಲಿ ದರೋಡೆ ಎಂಬ ಮಾತನ್ನು ಜನರ ಬಳಕೆಯಂತೆ ಎಲ್ಲಕ್ಕೂ ಸೇರಿಸಿ ಬಳಸಲಾಗಿದೆ.

ಮೊದಲು ನಿಮ್ಮ ಬಂಕನ್ನು ಹೊರಗಿನವರ ಕಣ್ಣಿನಿಂದ ನೋಡಿ

ದೋಚಲು ಹೊರಟವನು ಸಾಮಾನ್ಯವಾಗಿ ನಾಲ್ಕು ಸಂಗತಿಗಳನ್ನು ಲೆಕ್ಕ ಹಾಕುತ್ತಾನೆ: ಎಷ್ಟು ಸಿಗುತ್ತದೆ, ಎಷ್ಟು ಬೇಗ ಸಿಗುತ್ತದೆ, ಯಾರು ನೋಡುತ್ತಾರೆ, ಯಾವ ದಾರಿಯಲ್ಲಿ ಪಾರಾಗಬಹುದು. ಇದನ್ನು ತಿಳಿಯಲು ಅವನು ದೊಡ್ಡ ಸಾಹಸವೇನೂ ಮಾಡಬೇಕಿಲ್ಲ. ಹಿಂದಿನ ದಿನ ಬೈಕಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಗಾಳಿ ತುಂಬಿಸಿ, ಶೌಚಾಲಯಕ್ಕೆ ಹೋಗಿ ಬಂದರೆ ಸಾಕು. ಮಾಲೀಕರೂ ಇದೇ ಕೆಲಸವನ್ನು ಒಮ್ಮೆ ಮಾಡಬೇಕು. ರಾತ್ರಿ ಎರಡು ಗಂಟೆಯ ಸುಮಾರಿಗೆ ರಸ್ತೆಯ ಆಚೆ ಬದಿಯಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ನೋಡಿರಿ. ಹುಡುಗರು ನೋಟು ಎಣಿಸುವುದು ಕಾಣುತ್ತದೆಯೇ, ಗಲ್ಲೆಯ ಡ್ರಾಯರ್ ತೆರೆದಾಗ ಒಳಗಿನ ಕಟ್ಟು ಕಾಣುತ್ತದೆಯೇ, ಒಬ್ಬನು ಒಳಗೆ ಮಲಗಿ ಇನ್ನೊಬ್ಬನೇ ಎಲ್ಲ ಪಂಪುಗಳನ್ನು ನೋಡಿಕೊಳ್ಳುತ್ತಿದ್ದಾನೆಯೇ, ಕಚೇರಿಯ ಹಿಂದಿನ ಗೋಡೆಯ ಬಳಿ ಯಾರಾದರೂ ಕುಳಿತಿದ್ದರೆ ತಿಳಿಯುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಹಗಲಿನಲ್ಲಿ ಕಚೇರಿಯ ಕುರ್ಚಿಯಲ್ಲಿ ಕುಳಿತು ಮಾಡಿದ ಪರಿಶೀಲನೆಯಲ್ಲಿ ಇವು ಸಿಗುವುದಿಲ್ಲ.

ಈ ಭಾಗದ ಎರಡು ವಿಶೇಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲನೆಯದು ಗಡಿ. ಬಳ್ಳಾರಿಯಿಂದ ಆಂಧ್ರಪ್ರದೇಶ, ರಾಯಚೂರಿನಿಂದ ಆಂಧ್ರಪ್ರದೇಶ ಮತ್ತು ತೆಲಂಗಾಣ ಎರಡೂ ಹತ್ತಿರ. ಕೃತ್ಯ ನಡೆದ ಸ್ವಲ್ಪ ಹೊತ್ತಿನಲ್ಲೇ ವಾಹನ ಬೇರೆ ರಾಜ್ಯದಲ್ಲಿರಬಹುದು. ಹಾಗಾಗಿ ವಾಹನದ ಸಂಖ್ಯೆ ಮತ್ತು ಅದು ಹೋದ ದಿಕ್ಕು ಪೊಲೀಸರಿಗೆ ಮೊದಲ ಕೆಲವು ನಿಮಿಷಗಳಲ್ಲೇ ತಲುಪಬೇಕು. ಎರಡನೆಯದು ಬೆಳೆ ಮತ್ತು ಜಾತ್ರೆಗಳ ಪಂಚಾಂಗ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಭತ್ತದ ಕಟಾವು ಶುರುವಾದರೆ ಕಟಾವು ಯಂತ್ರ, ಟ್ರ್ಯಾಕ್ಟರ್, ಲಾರಿಗಳ ಡೀಸೆಲ್ ವ್ಯಾಪಾರ ಏಕಾಏಕಿ ಏರುತ್ತದೆ ಮತ್ತು ಅದರಲ್ಲಿ ನಗದಿನ ಪಾಲು ದೊಡ್ಡದಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗಿಯ ಹುಣ್ಣಿಮೆ, ಮುದಗಲ್ಲಿನ ಮೊಹರಂನಂತಹ ದಿನಗಳಲ್ಲಿ ವ್ಯಾಪಾರ ಹೆಚ್ಚಿರುತ್ತದೆ, ಪೊಲೀಸರು ಬಂದೋಬಸ್ತಿನಲ್ಲಿರುತ್ತಾರೆ, ಅಪರಿಚಿತ ಮುಖಗಳೂ ಸಹಜವಾಗಿ ಹೆಚ್ಚಿರುತ್ತವೆ. ಇಂತಹ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಆ ರಾತ್ರಿಗಳಿಗೆ ಒಬ್ಬರನ್ನು ಹೆಚ್ಚಿಗೆ ನೇಮಿಸುವುದು ಅಗತ್ಯ.

ಹಣ: ಕಾಣದಂತೆ, ಕೂಡದಂತೆ

ಮುನ್ನೂರು ಲೀಟರ್ ಡೀಸೆಲ್ ಹಾಕಿಸುವ ಒಂದೇ ಲಾರಿಯಿಂದ 25 ಸಾವಿರ ರೂಪಾಯಿಗೂ ಹೆಚ್ಚು ಹಣ ಬರುತ್ತದೆ. ನಾಲ್ಕು ಲಾರಿಗಳ ಹಣ ಹುಡುಗನ ಚೀಲದಲ್ಲೇ ಉಳಿದರೆ, ಮನೆಯ ಬೀರುವಿನಲ್ಲಿಡಲೂ ಹಿಂಜರಿಯುವಷ್ಟು ಹಣವನ್ನು ನಾವು ರಸ್ತೆಯ ಮಗ್ಗುಲಲ್ಲಿ ನಿಲ್ಲಿಸಿದಂತಾಯಿತು. ಆದ್ದರಿಂದ ಮೊದಲ ನಿಯಮವೆಂದರೆ ಪ್ರತಿ ಸಿಬ್ಬಂದಿಯ ಬಳಿ ಇರಬಹುದಾದ ನಗದಿಗೆ ಒಂದು ಮಿತಿ. ದ್ವಿಚಕ್ರ ವಾಹನಗಳಿಗೆ ಚಿಲ್ಲರೆ ಕೊಡಲು ಎರಡು ಮೂರು ಸಾವಿರ ರೂಪಾಯಿ ಸಾಮಾನ್ಯವಾಗಿ ಸಾಕಾಗುತ್ತದೆ. ಅದನ್ನು ಮೀರಿದ ಕೂಡಲೇ ಹಣ ಚೀಲದಿಂದ ತಿಜೋರಿಗೆ ಹೋಗಬೇಕು. ಲಾರಿಯ ಹಣವಾದರೆ ಚೀಲಕ್ಕೆ ಬೀಳದೆ ನೇರವಾಗಿ ತಿಜೋರಿಗೇ ಹೋಗಬೇಕು.

ಇದಕ್ಕೆ ಬೇಕಾದುದು ದೇವಸ್ಥಾನದ ಹುಂಡಿಯ ಮಾದರಿಯ ತಿಜೋರಿ: ಸೀಳಿನಿಂದ ಒಳಗೆ ಹಾಕಬಹುದು, ಕೀಲಿಯಿಲ್ಲದೆ ಹೊರಗೆ ತೆಗೆಯಲಾಗದು. ಅದನ್ನು ನೆಲದ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಸಬೇಕು. ಬಿಗಿಸದ ತಿಜೋರಿಯನ್ನು ಮೂವರು ಹೊತ್ತು ಜೀಪಿಗೆ ಹಾಕಿಕೊಂಡು ಹೋಗಬಲ್ಲರು. ಎರಡು ಕೀಲಿಗಳಿಲ್ಲದೆ ತೆರೆಯದ ತಿಜೋರಿಯಾದರೆ ಒಂದು ಕೀಲಿ ಮಾಲೀಕರ ಮನೆಯಲ್ಲಿಯೂ ಇನ್ನೊಂದು ಮ್ಯಾನೇಜರ್ ಬಳಿಯೂ ಇರಬೇಕು, ರಾತ್ರಿ ಪಾಳಿಯವರ ಬಳಿ ಒಂದೂ ಇರಬಾರದು. ಪ್ರತಿ ಸಲ ಹಾಕುವ ಹಣವನ್ನು ಲಕೋಟೆಯಲ್ಲಿಟ್ಟು, ಹೊತ್ತು, ಮೊತ್ತ, ಹಾಕಿದವರ ಸಹಿ ಬರೆದರೆ ಮರುದಿನದ ಲೆಕ್ಕದಲ್ಲಿ ಜಗಳ ಬರುವುದಿಲ್ಲ. ಜೊತೆಗೆ, 'ರಾತ್ರಿ ಪಾಳಿಯಲ್ಲಿ ಹೆಚ್ಚಿನ ನಗದು ಇಡುವುದಿಲ್ಲ. ತಿಜೋರಿಯ ಕೀಲಿ ಇಲ್ಲಿ ಇರುವುದಿಲ್ಲ' ಎಂದು ಕನ್ನಡದಲ್ಲಿಯೂ, ಗಡಿ ಭಾಗದಲ್ಲಿ ತೆಲುಗಿನಲ್ಲಿಯೂ ಹಿಂದಿಯಲ್ಲಿಯೂ ದೊಡ್ಡದಾಗಿ ಬರೆದು ಪಂಪುಗಳ ಮೇಲೆ ಅಂಟಿಸಬೇಕು. ಈ ಫಲಕ ನಿಜವಾಗಿರಬೇಕು. ಫಲಕ ಹೀಗಿದ್ದು ಹುಡುಗನ ಕಿಸೆಯಲ್ಲಿ ಕೀಲಿ ಗೊಂಚಲು ಜೋಲುತ್ತಿದ್ದರೆ ಅದು ಫಲಕವಿಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಸುಳ್ಳು ಹೇಳುತ್ತಿದ್ದಾನೆಂದು ಹೊಡೆತ ಬೀಳುವುದು ಅವನಿಗೇ.

ನಗದು ಬರುವುದನ್ನೇ ಕಡಿಮೆ ಮಾಡುವುದು ಇನ್ನೂ ಉತ್ತಮ. ಬೈಕು, ಕಾರುಗಳವರು ಈಗ ಬಹುಮಟ್ಟಿಗೆ ಯುಪಿಐ ಬಳಸುತ್ತಾರೆ; ಉಳಿಯುವುದು ಲಾರಿ ಮತ್ತು ಕೃಷಿ ಯಂತ್ರಗಳ ನಗದು. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದುಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್ ಕಾರ್ಡುಗಳು ಇರುವುದೇ ಇದಕ್ಕಾಗಿ. ಕಾಯಂ ಬರುವ ಸಾರಿಗೆ ಮಾಲೀಕರನ್ನು, ಅಕ್ಕಿ ಗಿರಣಿಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕಾರ್ಡಿಗೆ ಅಥವಾ ಬ್ಯಾಂಕ್ ವರ್ಗಾವಣೆಗೆ ಒಪ್ಪಿಸಬೇಕು. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಹೇಗೂ ನಿಷೇಧಿಸಿದೆ. ಬಾಕಿ ತೀರಿಸಲು ಗೋಣಿಚೀಲದಲ್ಲಿ ನಗದು ತರುವ ಗಿರಾಕಿಗೆ ಈ ಮಾತನ್ನು ಮುಂದಿಟ್ಟು, ಅವನಿಗೆ ಬೇಸರವಾಗದಂತೆ ನಿರಾಕರಿಸಬಹುದು.

ಬ್ಯಾಂಕಿಗೆ ಹೋಗುವ ದಾರಿ

ಮಾಲೀಕರು ಹೆಚ್ಚು ಹೆದರುವುದು ಮಧ್ಯರಾತ್ರಿಗೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚು ಗಮನ ಬೇಡುವುದು ಬೆಳಿಗ್ಗೆ ಹತ್ತೂವರೆಯ ಬ್ಯಾಂಕ್ ಪ್ರಯಾಣ. ರಾತ್ರಿ ಹುಡುಗನ ಚೀಲದಲ್ಲಿ ಇರುವುದು ಕೆಲವು ಸಾವಿರ, ಬೆಳಿಗ್ಗೆ ಬೈಕಿನ ಪೆಟ್ಟಿಗೆಯಲ್ಲಿ ಇರುವುದು ಇಡೀ ದಿನದ ವಹಿವಾಟು. ಅದೂ ಅದೇ ಬೈಕು, ಅದೇ ಮನುಷ್ಯ, ಅದೇ ರಸ್ತೆ, ಅದೇ ಹೊತ್ತು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ಆ ವಾರಾಂತ್ಯ ಮುಗಿದ ಸೋಮವಾರ ಬೆಳಿಗ್ಗೆ ಮೂರು ದಿನದ ಹಣ ಒಟ್ಟಿಗೆ ಹೊರಡುತ್ತದೆ ಎಂಬುದು ಕ್ಯಾಲೆಂಡರ್ ಓದಬಲ್ಲ ಯಾರಿಗೂ ತಿಳಿಯುತ್ತದೆ.

ಪರಿಹಾರಗಳು ಸರಳವಾಗಿವೆ, ಆದರೆ ಶಿಸ್ತು ಬೇಕು. ಹಣವನ್ನು ಬೈಕಿನಲ್ಲಿ ಒಯ್ಯಬೇಡಿ, ಬಾಗಿಲು ಹಾಕಿದ ಕಾರಿನಲ್ಲಿ ಇಬ್ಬರು ಹೋಗಿರಿ. ಹೊರಡುವ ಹೊತ್ತನ್ನು ಮತ್ತು ದಾರಿಯನ್ನು ಬದಲಿಸುತ್ತಿರಿ. ಇಂದು ಯಾವ ಹೊತ್ತಿಗೆ ಎಂಬುದು ಹೊರಡುವವರೆಗೂ ಹೊರಡುವವರಿಗೆ ಮಾತ್ರ ಗೊತ್ತಿರಲಿ. ತೈಲ ಕಂಪನಿಯ ಹೆಸರಿರುವ ಚೀಲ, ಸಮವಸ್ತ್ರ ಎರಡೂ ಬೇಡ. ದಾರಿಯಲ್ಲಿ ಚಹಾಕ್ಕೆ, ಪರಿಚಿತರ ಮಾತಿಗೆ ನಿಲ್ಲಬಾರದು. 'ನಿಮ್ಮ ದುಡ್ಡು ಕೆಳಗ ಬಿದ್ದೈತ್ರಿ', 'ಅಂಗಿ ಮ್ಯಾಲೆ ಏನೋ ಹೊಲಸು ಬಿದ್ದೈತಿ', 'ಗಾಲಿ ಪಂಕ್ಚರ್ ಆಗೈತಿ ನೋಡ್ರಿ' ಎಂದು ಯಾರಾದರೂ ಕರೆದರೆ ಗಮನ ಬೇರೆಡೆ ಸೆಳೆದು ಚೀಲ ಎತ್ತುವ ಹಳೆಯ ಉಪಾಯವದು. ಕಿಟಕಿ ಇಳಿಸದೆ ಮುಂದೆ ಹೋಗಿ, ಜನರಿರುವ ಕಡೆಯಲ್ಲಿ ಗಾಡಿ ನಿಲ್ಲಿಸಿ ನೋಡಿಕೊಳ್ಳಬೇಕು. ಬ್ಯಾಂಕಿನ ಬಾಗಿಲ ಮುಂದೆ ಒಬ್ಬರು ಚೀಲದೊಂದಿಗೆ ಇಳಿದು ನೇರ ಒಳಗೆ ಹೋಗಲಿ, ಇನ್ನೊಬ್ಬರು ಸುತ್ತಲೂ ನೋಡುತ್ತ ಹಿಂದೆ ನಡೆಯಲಿ. ನಗದು ಜಮಾ ಮಾಡುವ ಯಂತ್ರ ಊರಿನಲ್ಲಿದ್ದರೆ ರಜೆಯ ದಿನಗಳಲ್ಲಿಯೂ ಸಣ್ಣ ಸಣ್ಣ ಮೊತ್ತವಾಗಿ ಹಾಕಬಹುದು, ಆದರೆ ಕತ್ತಲಾದ ಮೇಲೆ ಯಂತ್ರದ ಕೋಣೆಗೆ ಹೋಗುವುದು ಬೇಡ. ವಹಿವಾಟು ದೊಡ್ಡದಿದ್ದರೆ ಬ್ಯಾಂಕಿನ ಮೂಲಕ ಹಣ ಸಂಗ್ರಹಿಸುವ ವಾಹನದ ಸೇವೆ ಪಡೆಯುವುದು ಲಾಭಕರ. ಅದರ ಶುಲ್ಕ ದುಬಾರಿಯೆನಿಸಿದರೆ, ವಾರಾಂತ್ಯ ಮುಗಿದ ಸೋಮವಾರಗಳಿಗೆ ಮಾತ್ರ ಕೇಳಿ ನೋಡಬಹುದು.

ಬೆಳಕು, ಬೇಲಿ, ಗಾಜು

ಮೇಲ್ಛಾವಣಿಯ ಕೆಳಗೆ ಹಗಲಿನಂತಹ ಬೆಳಕಿದ್ದು ಅದರಾಚೆ ಕಡುಗತ್ತಲೆ ಇದ್ದರೆ ಒಳಗೆ ನಿಂತವರಿಗೆ ಹೊರಗೆ ಏನೂ ಕಾಣುವುದಿಲ್ಲ, ಹೊರಗಿನವರಿಗೆ ಒಳಗಿನದೆಲ್ಲ ಕಾಣುತ್ತದೆ. ಆದ್ದರಿಂದ ಪ್ರವೇಶ, ನಿರ್ಗಮನ, ಶೌಚಾಲಯದ ಹಾದಿ, ಗಾಳಿ ತುಂಬುವ ಜಾಗ ಮತ್ತು ಕಚೇರಿಯ ಹಿಂಬದಿಗೂ ದೀಪ ಹಾಕಿ, ಬೆಳಕು ಕ್ರಮೇಣ ಕಡಿಮೆಯಾಗುವಂತೆ ಮಾಡಬೇಕು. ತೊಗರಿ, ಹತ್ತಿ, ಮೆಕ್ಕೆಜೋಳ ಎದೆಮಟ್ಟ ಬೆಳೆದಾಗ ಹಿಂದಿನ ಹೊಲ ಅಡಗುತಾಣವಾಗುತ್ತದೆ. ನಿಮ್ಮ ಜಾಗದ ಜಾಲಿ ಕಂಟಿಗಳನ್ನು ಕಡಿಸುವುದು, ಹಿಂಭಾಗಕ್ಕೆ ಗೋಡೆ ಅಥವಾ ತಂತಿ ಬೇಲಿ ಹಾಕಿಸುವುದು ನಿಮ್ಮ ಕೈಯಲ್ಲಿದೆ. ಮುಂಭಾಗಕ್ಕೆ ಮಾತ್ರ ಎತ್ತರದ ಗೋಡೆ ಬೇಡ, ರಸ್ತೆಯಲ್ಲಿ ಹೋಗುವವರ ಕಣ್ಣು ಬಂಕಿನ ಮೇಲೆ ಬೀಳುತ್ತಿರಬೇಕು. ಕಚೇರಿಯ ಗಾಜಿನ ತುಂಬ ಜಾಹೀರಾತು ಅಂಟಿಸುವ ರೂಢಿ ಇದೇ ಕಾರಣಕ್ಕೆ ಕೆಟ್ಟದ್ದು. ಒಳಗೆ ಯಾರಾದರೂ ಕ್ಯಾಷಿಯರ್ ಎದುರು ಚಾಕು ಹಿಡಿದು ನಿಂತರೂ ಪಂಪಿನ ಬಳಿಯವರಿಗೆ ತಿಳಿಯುವುದಿಲ್ಲ. ಆದರೆ ಹಣ ಎಣಿಸುವ ಕೋಣೆ ಒಳಗಡೆ, ಗಾಜಿಲ್ಲದೆ, ಒಳಚಿಲಕವಿರುವ ಬಾಗಿಲಿನೊಂದಿಗೆ ಇರಬೇಕು. ರಾತ್ರಿ ಹನ್ನೊಂದರ ನಂತರ ಒಂದೋ ಎರಡೋ ಪಂಪುಗಳನ್ನು ಮಾತ್ರ ಚಾಲೂ ಇಟ್ಟು, ಕಚೇರಿಗೆ ಹತ್ತಿರದ ಕಡೆಗೇ ವಾಹನಗಳು ಬರುವಂತೆ ಉಳಿದ ಕಡೆಗೆ ಸರಪಳಿ ಅಥವಾ ಕೋನ್ ಇಡುವುದು ಕಡಿಮೆ ಖರ್ಚಿನ, ಒಳ್ಳೆಯ ಪದ್ಧತಿ.

ಹಾಲ್ಟ್ ಮಾಡುವ ಲಾರಿಗಳ ವಿಷಯದಲ್ಲಿ ಎರಡು ಮಾತಿದೆ. ಚಾಲಕರು ಆವರಣದಲ್ಲಿ ಮಲಗಿದ್ದರೆ ಜನರಿದ್ದಾರೆಂಬ ಭಾವನೆ ಬರುತ್ತದೆ, ಇದು ಒಳ್ಳೆಯದು. ಆದರೆ ಸಾಲಾಗಿ ನಿಂತ ಲಾರಿಗಳು ರಸ್ತೆಯಿಂದ ಬಂಕನ್ನು ಮರೆಮಾಡುತ್ತವೆ ಮತ್ತು ಅವುಗಳ ಟ್ಯಾಂಕಿನಿಂದ ಡೀಸೆಲ್ ಕದಿಯುವವರೂ ಬರುತ್ತಾರೆ. ನಿಲ್ಲಿಸಲು ಒಂದು ಬದಿಯನ್ನು ಗೊತ್ತುಮಾಡಿ, ಅಲ್ಲಿಗೊಂದು ದೀಪ, ಒಂದು ಕ್ಯಾಮೆರಾ ಹಾಕಿ, ವಾಹನದ ಸಂಖ್ಯೆ ಬರೆದುಕೊಂಡು ಅವಕಾಶ ಕೊಡುವುದು ಸರಿ.

ಕ್ಯಾಮೆರಾದಿಂದ ಏನನ್ನು ನಿರೀಕ್ಷಿಸಬೇಕು

ಮುಖ ಮುಚ್ಚಿಕೊಂಡು ಬಂದವನನ್ನು ಕ್ಯಾಮೆರಾ ತಡೆಯುವುದಿಲ್ಲ. ಅದರ ಮುಖ್ಯ ಉಪಯೋಗ ನಂತರದ ತನಿಖೆಗೆ, ಅದರಲ್ಲೂ ಹಿಂದಿನ ದಿನಗಳಲ್ಲಿ ಮುಖ ಮುಚ್ಚದೆ ಬಂದು ನೋಡಿಹೋದವರನ್ನು ಗುರುತಿಸುವುದಕ್ಕೆ. ಹೀಗಾಗಿ ಒಂದು ಕ್ಯಾಮೆರಾ ಪ್ರವೇಶದಲ್ಲಿ ನಂಬರ್ ಪ್ಲೇಟ್ ಎತ್ತರಕ್ಕೆ, ಒಂದು ನಿರ್ಗಮನದಲ್ಲಿ, ಒಂದು ಕಚೇರಿಯ ಬಾಗಿಲಲ್ಲಿ ಮುಖದ ಎತ್ತರಕ್ಕೆ ಇರಬೇಕು. ಮೇಲ್ಛಾವಣಿಯಿಂದ ಕೆಳಗೆ ನೋಡುವ ಕ್ಯಾಮೆರಾದಲ್ಲಿ ಟೋಪಿಗಳಷ್ಟೇ ಕಾಣುತ್ತವೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017 ತನ್ನ ವ್ಯಾಪ್ತಿಯ ಸಂಸ್ಥೆಗಳು ದೃಶ್ಯಗಳನ್ನು 30 ದಿನ ಉಳಿಸಿಡಬೇಕೆನ್ನುತ್ತದೆ. ವ್ಯಾಪ್ತಿಗೆ ಬರಲಿ ಬಿಡಲಿ, ಎಲ್ಲ ಬಂಕ್‌ಗಳೂ ಅಷ್ಟು ದಿನ ಉಳಿಸುವುದು ಸೂಕ್ತ.

ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಅದಿರಿನ ಕೆಂಪು ಧೂಳು ಕೆಲವೇ ದಿನಗಳಲ್ಲಿ ಕ್ಯಾಮೆರಾದ ಗಾಜನ್ನು ಮಂಜು ಮಾಡುತ್ತದೆ. ವಾರಕ್ಕೊಮ್ಮೆ ಒರೆಸುವುದನ್ನು ಯಾರಿಗಾದರೂ ಹೆಸರು ಹೇಳಿ ವಹಿಸಿರಿ. ದೃಶ್ಯ ಮುದ್ರಿಸುವ ಪೆಟ್ಟಿಗೆ ಕ್ಯಾಷಿಯರ್ ಮೇಜಿನ ಮೇಲಿದ್ದರೆ ದೋಚುವವರು ಅದನ್ನೂ ಕಿತ್ತುಕೊಂಡು ಹೋಗುತ್ತಾರೆ. ಅದನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಬೇಕು, ಸಾಧ್ಯವಿದ್ದರೆ ದೃಶ್ಯಗಳು ಅಂತರಜಾಲದ ಮೂಲಕ ಬೇರೆಡೆಯೂ ಉಳಿಯುವಂತೆ ಮಾಡಬೇಕು. ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗಿನ ಅವಧಿಗೆ ಯುಪಿಎಸ್ ಬೇಕು. ಗಡಿಯಾರ ಸರಿಯಿರಬೇಕು; ಇಪ್ಪತ್ತು ನಿಮಿಷ ಹಿಂದಿರುವ ಗಡಿಯಾರ ನ್ಯಾಯಾಲಯದಲ್ಲಿ ಪ್ರಶ್ನೆಗೆ ಎಡೆಮಾಡುತ್ತದೆ.

ಸಿಬ್ಬಂದಿ

ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುವವರು ಕನಿಷ್ಠ ಇಬ್ಬರಿರಬೇಕು. ಒಬ್ಬ ಎಚ್ಚರ, ಒಬ್ಬ ನಿದ್ದೆ ಎಂದಾದರೆ ಲೆಕ್ಕ ಒಂದೇ. ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ನಗರವು 1980ರ ದಶಕದಲ್ಲಿ ರಾತ್ರಿ ತೆರೆದಿರುವ ಕಿರು ಅಂಗಡಿಗಳಲ್ಲಿ ಇಬ್ಬರು ಸಿಬ್ಬಂದಿ ಇರಲೇಬೇಕೆಂದು ನಿಯಮ ಮಾಡಿತ್ತು. ಅಲ್ಲಿ ದರೋಡೆಗಳು ಇಳಿದದ್ದು ಇಬ್ಬರಿದ್ದುದರಿಂದಲೋ, ನಗದಿನ ಮಿತಿ, ಬೆಳಕು, ಕಿಟಕಿಗಳಿಗೆ ಅಂಟಿಸಿದ ಜಾಹೀರಾತುಗಳ ತೆರವಿನಂತಹ ಇತರ ಕ್ರಮಗಳಿಂದಲೋ ಎಂಬ ಚರ್ಚೆ ತಜ್ಞರಲ್ಲಿ ಬಹುಕಾಲ ನಡೆಯಿತು. ನಮ್ಮ ಬಂಕ್‌ಗಳಿಗೆ ಈ ಚರ್ಚೆಯ ತೀರ್ಪು ಬೇಕಿಲ್ಲ, ಎರಡನ್ನೂ ಮಾಡಲು ಅಡ್ಡಿಯೇನಿಲ್ಲ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆಧಾರ್ ಪ್ರತಿ, ಫೋಟೊ, ಊರಿನ ವಿಳಾಸ, ಪರಿಚಯಸ್ಥರಿಬ್ಬರ ಹೆಸರು ಪಡೆದು, ಪೊಲೀಸ್ ಪರಿಶೀಲನಾ ಪತ್ರಕ್ಕೆ ಅರ್ಜಿ ಹಾಕಿಸಬೇಕು. ಎಷ್ಟು ಹಣವಿದೆ, ಕೀಲಿ ಯಾರ ಬಳಿ, ಬ್ಯಾಂಕಿಗೆ ಯಾವಾಗ ಎಂಬ ಮಾಹಿತಿ ಒಳಗಿನಿಂದ ಹೊರಗೆ ಹೋಗುವುದು ಅಪರೂಪವೇನಲ್ಲ. ಕೆಲವೊಮ್ಮೆ ಅದು ದುರುದ್ದೇಶದಿಂದಲ್ಲದೆ ಚಹಾದಂಗಡಿಯ ಹರಟೆಯಲ್ಲಿ ಹೋಗಿರುತ್ತದೆ. ಕೆಲಸ ಬಿಟ್ಟವರಿಗೆ ಅವರ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಿ ಮರ್ಯಾದೆಯಿಂದ ಕಳಿಸಿರಿ, ಅದೇ ದಿನ ಬೀಗ ಮತ್ತು ಸಂಕೇತ ಸಂಖ್ಯೆಗಳನ್ನು ಬದಲಿಸಿರಿ. ಕಾವಲುಗಾರರನ್ನು ಏಜೆನ್ಸಿಯಿಂದ ಪಡೆಯುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಇದೆಯೇ ಎಂದು ಕೇಳಿ ನೋಡಬೇಕು. ಬಂದೂಕಿನ ಕಾವಲುಗಾರ ಬೇಡವೆಂಬುದು ನನ್ನ ಸಲಹೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅಲ್ಲಿ ಗುಂಡು ಹಾರಿದರೆ ಉಳಿಯಬೇಕಾದವರೂ ಉಳಿಯಲಿಕ್ಕಿಲ್ಲ.

ಇನ್ನೊಂದು ವಿಷಯವನ್ನು ಮಾಲೀಕರಿಗೆ ನೇರವಾಗಿ ಹೇಳಬೇಕು. ಪಾಳಿಯ ಲೆಕ್ಕದಲ್ಲಿ ಶಾರ್ಟ್ ಬಂದರೆ ಹುಡುಗರ ಸಂಬಳದಲ್ಲಿ ಹಿಡಿಯುವ ರೂಢಿ ಅನೇಕ ಕಡೆ ಇದೆ. ದರೋಡೆಯಲ್ಲಿ ಹೋದ ಹಣಕ್ಕೂ ಅದೇ ನಿಯಮವೆಂಬ ಭಯ ಹುಡುಗನಲ್ಲಿದ್ದರೆ, ಅವನು ಮಚ್ಚಿನೆದುರೂ ಚೀಲ ಬಿಡುವುದಿಲ್ಲ. ತಿಂಗಳ ಸಂಬಳ ಉಳಿಸಿಕೊಳ್ಳಲು ಹೋಗಿ ಅವನು ಕೈ ಕಳೆದುಕೊಳ್ಳಬಹುದು, ಜೀವವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ 'ದರೋಡೆಯಲ್ಲಿ ಹೋದ ಹಣವನ್ನು ಯಾರ ಸಂಬಳದಲ್ಲಿಯೂ ಹಿಡಿಯುವುದಿಲ್ಲ' ಎಂದು ಬರೆದು ಸಹಿ ಮಾಡಿ ಕಚೇರಿಯ ಗೋಡೆಗೆ ಹಾಕಿರಿ, ಬಾಯಿಮಾತಿನಲ್ಲಿಯೂ ಪದೇ ಪದೇ ಹೇಳುತ್ತಿರಿ. ನಾಟಕವಾಡಿ ಹಣ ಹೊಡೆದಾರೆಂಬ ಅನುಮಾನಕ್ಕೆ ಉತ್ತರ ಕ್ಯಾಮೆರಾದಲ್ಲಿಯೂ ನಗದಿನ ಮಿತಿಯಲ್ಲಿಯೂ ಇದೆ. ಮಿತಿ ಪಾಲಿಸಿದ್ದರೆ ಹೋಗುವುದೇ ಕೆಲವು ಸಾವಿರ.

ಆ ಕ್ಷಣ ಬಂದರೆ

ದರೋಡೆ ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಆ ಹೊತ್ತಿನಲ್ಲಿ ಅವರೂ ಗಾಬರಿಯಲ್ಲಿರುತ್ತಾರೆ, ಹಠಾತ್ ಚಲನೆಯನ್ನು ಪ್ರತಿರೋಧವೆಂದೇ ತಿಳಿಯುತ್ತಾರೆ. ಕೇಳಿದ್ದನ್ನು ಕೊಡಬೇಕು, ವಾದ ಮಾಡಬಾರದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು. ಕೈ ಎಲ್ಲಿಗಾದರೂ ಹೋಗಬೇಕಿದ್ದರೆ ಮೊದಲು ಬಾಯಿಯಲ್ಲಿ ಹೇಳಿ ನಂತರ ನಿಧಾನವಾಗಿ ಚಲಿಸಬೇಕು: 'ಕೊಡ್ತೀನ್ರಿ, ಚೀಲ ಹೆಗಲಿಂದ ತಗೀತೀನಿ', 'ಡ್ರಾಯರ್ ಕೀಲಿ ಎಡಗಡೆ ಕಿಸೇದಾಗ ಐತಿ, ತಗೀಲೇನ್ರಿ?' ಒಳಗೆ ಇನ್ನೊಬ್ಬರು ಮಲಗಿದ್ದರೆ ಅದನ್ನೂ ಹೇಳಿಬಿಡಬೇಕು. ಅವರು ಏಕಾಏಕಿ ಎದ್ದು ಬಂದರೆ ಪೆಟ್ಟು ಬೀಳುವುದು ಆಗಲೇ. ತಿಜೋರಿ ತೆರೆ ಎಂದರೆ, 'ಕೀಲಿ ಮಾಲಕರ ಮನ್ಯಾಗ ಐತ್ರಿ, ಇಲ್ಲಿ ಇರೂದಿಲ್ಲ' ಎಂದು ಶಾಂತವಾಗಿ ಹೇಳಿ ಫಲಕ ತೋರಿಸಬಹುದು. ಕಾಯ್ದೆಯಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ, ಆದರೆ ಚೀಲಕ್ಕಾಗಿ ಹೊಡೆದಾಡಬೇಕೆಂಬ ಕರ್ತವ್ಯ ಯಾರ ಮೇಲೂ ಇಲ್ಲ.

ಪೆಟ್ರೋಲ್ ಸುರಿದು ಲೈಟರ್ ತೋರಿಸಿ ಹೆದರಿಸಿದರೆ ಹಣದ ಮಾತನ್ನೇ ಬಿಟ್ಟು ದೂರ ಸರಿಯಬೇಕು. ಪಂಪುಗಳ ವಿದ್ಯುತ್ ಒಮ್ಮೆಲೇ ಕಡಿಯುವ ತುರ್ತು ಸ್ವಿಚ್ ಎಲ್ಲಿದೆ ಎಂಬುದು ಹೊಸದಾಗಿ ಸೇರಿದ ಹುಡುಗನಿಗೂ ಕತ್ತಲಲ್ಲಿ ಸಿಗುವಷ್ಟು ಗೊತ್ತಿರಬೇಕು. ಅಪಾಯವಿಲ್ಲದೆ ಅದನ್ನು ಒತ್ತಲು ಸಾಧ್ಯವಿದ್ದರೆ ಮಾತ್ರ ಒತ್ತಬೇಕು. ಕಣ್ಣಿಗೆ ಖಾರದ ಪುಡಿ ಎರಚಿದರೆ ಉಜ್ಜಬಾರದು. ತಣ್ಣೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು.

ನೋಡಬೇಕಾದುದನ್ನು ಮೊದಲೇ ಹಂಚಿಕೊಂಡಿದ್ದರೆ ನೆನಪು ಉಳಿಯುತ್ತದೆ. ಒಬ್ಬನು ಮನುಷ್ಯರನ್ನು ನೋಡಲಿ: ಎತ್ತರ, ಚಪ್ಪಲಿ ಅಥವಾ ಬೂಟು, ಕೈಯ ಹಚ್ಚೆ, ಮಾತನಾಡಿದ ಭಾಷೆ ಮತ್ತು ಅದರ ಧಾಟಿ. ಇನ್ನೊಬ್ಬನು ವಾಹನವನ್ನು ನೋಡಲಿ: ಬಣ್ಣ, ಮಾದರಿ, ಸಂಖ್ಯೆ, ಹೋದ ದಿಕ್ಕು. ಕೆಎ 34 ಬಳ್ಳಾರಿ, ಕೆಎ 36 ರಾಯಚೂರು, ಕೆಎ 37 ಕೊಪ್ಪಳ ಎಂಬುದು ಎಲ್ಲರಿಗೂ ಗೊತ್ತು. ಎಪಿ, ಟಿಎಸ್, ಟಿಜಿ ಎಂಬ ಮೊದಲ ಎರಡು ಅಕ್ಷರ ನೆನಪಿದ್ದರೂ ಹುಡುಕಾಟದ ದಿಕ್ಕು ಸ್ಪಷ್ಟವಾಗುತ್ತದೆ. ಹಿಂದೆ ಬೆನ್ನಟ್ಟಿ ಹೋಗುವುದು ಮಾತ್ರ ಖಂಡಿತ ಬೇಡ.

ನಂತರದ ಮೊದಲ ಗಂಟೆ

ಅವರು ಹೋದ ಕೂಡಲೇ 112ಕ್ಕೆ ಕರೆ ಮಾಡಿ, ಮೊದಲ ವಾಕ್ಯದಲ್ಲೇ ಬಂಕಿನ ಹೆಸರು, ಹೆದ್ದಾರಿ, ಹತ್ತಿರದ ಊರು, ಗಾಯಾಳುಗಳಿದ್ದಾರೆಯೇ ಎಂಬುದನ್ನು ಹೇಳಬೇಕು. ನಂತರ ವಾಹನ ಮತ್ತು ದಿಕ್ಕು. ಮಾಲೀಕರಿಗೆ ಫೋನ್ ಆಮೇಲೆ. ಈ ಕ್ರಮವನ್ನು ಸಿಬ್ಬಂದಿಗೆ ಮಾಲೀಕರೇ ಹೇಳಿಕೊಡಬೇಕು, ಇಲ್ಲದಿದ್ದರೆ ಹುಡುಗರು ಸಾಹುಕಾರರ ಒಪ್ಪಿಗೆಗೆ ಕಾಯುತ್ತ ಹೊತ್ತು ಕಳೆಯುತ್ತಾರೆ. ಮಾರಾಟ ನಿಲ್ಲಿಸಿ, ಅವರು ಮುಟ್ಟಿದ ಮೇಜು, ಬಾಗಿಲು, ಡ್ರಾಯರ್, ಬಿಸಾಡಿದ ವಸ್ತುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ಸಾಕ್ಷಿಗಳಾದ ಗಿರಾಕಿಗಳ, ಲಾರಿ ಚಾಲಕರ ಫೋನ್ ಸಂಖ್ಯೆ ಪಡೆದಿಡಬೇಕು. ಪೊಲೀಸರು ಬರುವವರೆಗೆ ಸಿಬ್ಬಂದಿ ತಂತಮ್ಮಲ್ಲಿ ಚರ್ಚಿಸದೆ, ಕಂಡದ್ದನ್ನು ಬೇರೆ ಬೇರೆಯಾಗಿ ಬರೆದಿಡುವುದು ಮೇಲು. ಚರ್ಚೆಯಲ್ಲಿ ಒಬ್ಬನ ಊಹೆ ಎಲ್ಲರ ನೆನಪಾಗಿಬಿಡುತ್ತದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯ ಸರಹದ್ದು ಎಂಬ ಪ್ರಶ್ನೆಯಿಲ್ಲದೆ ದೂರು ದಾಖಲಿಸಬೇಕು, ದೂರುದಾರರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎರಡು ಠಾಣೆಗಳ ಗಡಿಯಲ್ಲಿರುವ ಹೆದ್ದಾರಿ ಬಂಕ್‌ಗಳಿಗೆ ಇದು ಬಹಳ ಮುಖ್ಯ. ಕ್ಯಾಮೆರಾದ ದೃಶ್ಯಗಳನ್ನು ಪೊಲೀಸರಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ, ಕ್ಯಾಮೆರಾ ಅಳವಡಿಸಿದವರ ಸಹಾಯ ಪಡೆಯಿರಿ. ಮೂಲ ಹಾರ್ಡ್ ಡಿಸ್ಕ್‌ನಲ್ಲಿ ಹೊಸ ದೃಶ್ಯಗಳು ಮೇಲೆ ಬರೆಯಲ್ಪಡದಂತೆ ಅದನ್ನು ಬೇರ್ಪಡಿಸಿಡಬೇಕು, ಹಿಂದಿನ ಒಂದು ವಾರದ ದೃಶ್ಯಗಳನ್ನೂ ಕೊಡಬೇಕು. ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಯಬಿಡಬಾರದು. ಹುಡುಕುತ್ತಿರುವ ಸುಳಿವು ಅವರಿಗೂ ತಲುಪುತ್ತದೆ.

ನಗದು ವಿಮೆಯಿದ್ದರೆ ವಿಮಾ ಕಂಪನಿಗೆ ಅದೇ ದಿನ ಲಿಖಿತವಾಗಿ ತಿಳಿಸಿರಿ. ಈ ವಿಮೆ ಕೊಳ್ಳುವಾಗಲೇ ತಿಜೋರಿಯಲ್ಲಿನ ಹಣ, ಕೌಂಟರಿನ ಹಣ, ಸಾಗಣೆಯಲ್ಲಿರುವ ಹಣ ಈ ಮೂರಕ್ಕೂ ಮಿತಿ ಎಷ್ಟು, ಬ್ಯಾಂಕಿಗೆ ಒಯ್ಯುವವರು ಎಷ್ಟು ಜನರಿರಬೇಕು, ಕೀಲಿ ಎಲ್ಲಿರಬೇಕು ಎಂಬ ಷರತ್ತುಗಳನ್ನು ಓದಿಕೊಂಡಿರಬೇಕು.

ಸಣ್ಣ ವಂಚನೆಗಳನ್ನು ಇಲ್ಲಿ ಚುಟುಕಾಗಿ ಮಾತ್ರ ಹೇಳಬಹುದು. ಫೋನಿನ ಪರದೆ ತೋರಿಸಿ ಹೊರಡುವವರಿಗೆ ಧ್ವನಿಪೆಟ್ಟಿಗೆಯ ಸದ್ದು ಬರುವವರೆಗೆ ದಾರಿ ಬಿಡಬಾರದು. ನಿಮ್ಮ ಕ್ಯೂಆರ್ ಕೋಡ್ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿದ್ದಾರೆಯೇ ಎಂದು ಪ್ರತಿ ಪಾಳಿಯ ಆರಂಭದಲ್ಲಿ ಒಂದು ರೂಪಾಯಿ ಕಳಿಸಿ ನೋಡಬೇಕು. ವಂಚನೆ ನಡೆದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾತ್ರಿ ವೇಳೆ ಟ್ಯಾಂಕ್ ಭರ್ತಿ ಮಾಡಿಸಿ ಹಣ ಕೊಡದೆ ಪರಾರಿಯಾಗುವವರಿದ್ದರೆ, ಅಪರಿಚಿತ ವಾಹನಗಳಿಂದ ಮೊದಲೇ ಹಣ ಪಡೆಯುವ ನಿಯಮ ಮಾಡಬಹುದು.

ಒಮ್ಮೆ ದೋಚಿದ ಜಾಗಕ್ಕೆ ಮತ್ತೆ ಬರುವುದು ದರೋಡೆಕೋರರಿಗೆ ಸುಲಭ, ಅವರಿಗೆ ದಾರಿ ಗೊತ್ತಾಗಿರುತ್ತದೆ. ಆದ್ದರಿಂದ ಘಟನೆಯ ಮರುದಿನವೇ ಬೀಗಗಳನ್ನು, ಬ್ಯಾಂಕಿಗೆ ಹೋಗುವ ಹೊತ್ತನ್ನು, ಪಾಳಿ ಬದಲಾಗುವ ಸಮಯವನ್ನು ಬದಲಿಸಬೇಕು ಮತ್ತು ಬೀಟ್ ಪೊಲೀಸರು ಕೆಲವು ವಾರ ರಾತ್ರಿ ಬಂದು ಹೋಗುವಂತೆ ಠಾಣೆಗೆ ಲಿಖಿತ ಮನವಿ ಕೊಡಬೇಕು. ಬೆದರಿಕೆಗೆ ಒಳಗಾದ ಹುಡುಗನಿಗೆ ಸಂಬಳ ಸಹಿತ ಕೆಲವು ದಿನ ರಜೆ ಕೊಟ್ಟು, ಅವನು ಮರಳಿ ಬಂದಾಗ ಮೊದಲು ಹಗಲು ಪಾಳಿಗೇ ಹಾಕಬೇಕು.